ಕಣದರೆ

ತಮಟೆ ಮೊದಲ ಸಲ ಬಡಿದರೆ ಕೈಯಲ್ಲಿದ್ದ ಸುತ್ತಿಗೆ ಕೆಳಗಿಡಬೇಕು. ಎರಡನೇ ಸಲ ಬಡಿದರೆ ಎದ್ದು ಓಡಬೇಕು. ಮೂರನೇ ಸಲ ಬಡಿದ ಮೇಲೂ ಬಯಲಲ್ಲಿ ನಿಂತವನ ತಲೆಗೆ ಕಲ್ಲು ಬಿದ್ದರೆ ಅದು ಅವನ ತಲೆಯ ತಪ್ಪು.

ಅರೆಕೊಪ್ಪಲಿನ ಮಕ್ಕಳು ಅ ಆ ಕಲಿಯುವ ಮೊದಲು ಇದನ್ನು ಕಲಿಯುತ್ತಿದ್ದವು. ಚಿನಕುರಳಿ ಕಡೆಯಿಂದ ಪಾಂಡವಪುರಕ್ಕೆ ಹೋಗುವ ಬಸ್ಸಿನವರಿಗೂ ಇದು ಗೊತ್ತಿತ್ತು. ತಮಟೆ ಕೇಳಿದರೆ ಬಸ್ಸು ಹುಣಸೇಮರದ ಕೆಳಗೆ ನಿಲ್ಲುತ್ತಿತ್ತು. ಹೊಲದವರು ಬದುವಿನ ಮರೆಗೆ ಸೇರುತ್ತಿದ್ದರು. ಊರೊಳಗಿನ ಗೌಡರು ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದರು. ಆಮೇಲೆ ಕಲ್ಲುಕೋರೆಯಲ್ಲಿ ಮದ್ದು ಸಿಡಿದು ಭೂಮಿ ಒಂದು ಸಲ ಮೈ ಒದರುತ್ತಿತ್ತು. ಚೂರು ಕಲ್ಲು ಹೆಂಚಿನ ಮೇಲೆ ಉದುರಿ ಸುಮ್ಮನಾದ ಮೇಲೆ ಜನ ಆಚೆಗೆ ಬಂದು ಮತ್ತೆ ಕೆಲಸಕ್ಕೆ ಬಗ್ಗುತ್ತಿದ್ದರು.

ತಮಟೆ ಬಡಿಯುತ್ತಿದ್ದವನು ಕುಳ್ಳಯ್ಯ. ಜಲ್ಲಿ ಒಡೆಯುತ್ತಿದ್ದವಳು ಅವನ ಹೆಂಡತಿ ಮಾದಮ್ಮ. ಕೋರೆ ಗೌಡರ ಚಲುವರಾಜುವಿನದು. ಕಲ್ಲು ಬೆಂಗಳೂರಿನದು.

ಮಾದಮ್ಮನ ಬಲಗೈಯಲ್ಲಿ ಸುತ್ತಿಗೆ, ಎಡಗೈ ಬೆರಳುಗಳಿಗೆ ಸೈಕಲ್ ಟ್ಯೂಬಿನ ತುಂಡು. ಬಿಸಿಲೇರುವ ಮೊದಲು ಕುಕ್ಕುರುಗಾಲಲ್ಲಿ ಕುಂತರೆ, ಏಳುವಾಗ ಸೊಂಟ ಒಂದು ಕಡೆ, ಕಾಲು ಒಂದು ಕಡೆ. ಕಣ್ಣಿಗೆ ಚೂರು ಹಾರಿದರೆ ಪಕ್ಕದವಳು ಸೆರಗಿನ ತುದಿಯನ್ನು ನಾಲಗೆಯಲ್ಲಿ ಒದ್ದೆ ಮಾಡಿ ತೆಗೆಯುತ್ತಿದ್ದಳು. ರಾತ್ರಿ ಉಣ್ಣುವ ಮುದ್ದೆಯಲ್ಲೂ ಕಲ್ಲಿನ ಪುಡಿ ಹಲ್ಲಿಗೆ ಸಿಗುತ್ತಿತ್ತು. ಆದರೂ ಮಾದಮ್ಮನ ಬಾಯಿ ಸುಮ್ಮನಿದ್ದದ್ದನ್ನು ಯಾರೂ ಕಂಡವರಿಲ್ಲ.

‘ಈ ಜಲ್ಲಿಯೆಲ್ಲಾ ಎತ್ತಾಗ್ ಓಯ್ತದೆ ಕೆಂಪಣ್ಣ?’ ಟಿಪ್ಪರ್ ಡ್ರೈವರ್ ಕೆಂಪಣ್ಣನನ್ನು ಮಾತಿಗೆಳೆಯುತ್ತಿದ್ದಳು.

‘ಬೆಂಗ್ಳೂರ್‌ಗೆ ಕಣಮ್ಮಿ. ಅಲ್ಲಿ ರೋಡಿನ ಮ್ಯಾಲೆ ರೋಡು ಕಟ್ತಾವ್ರೆ. ಕೆಳಗೊಂದು ಬಸ್ಸು, ಮ್ಯಾಲೊಂದು ಬಸ್ಸು.’

‘ಕೆಳಗಿನ ರೋಡು ಏನಪ್ಪಾ ಪಾಪ ಮಾಡಿತ್ತು?’

‘ಜನ ಇಡುಸ್ತಿಲ್ಲ ಕಣಮ್ಮಿ. ಓದ್ವಾರ ಇದ್ದ ರಾಗಿ ಹೊಲ ಈ ವಾರ ಓದ್ರೆ ಇರಾಕಿಲ್ಲ. ಕಲ್ಲು ನೆಟ್ಟು ಸೈಟ್ ಮಾಡಿರ್ತಾರೆ. ಅಂಗ್ ಬೆಳೀತಾ ಅದೆ ಬೆಂಗ್ಳೂರು.’

‘ಅಂಗಾರೆ ಅಲ್ಲಿನ ಜನ ಏನುಣ್ತಾರೆ, ಜಲ್ಲಿಯಾ?’

ಜಲ್ಲಿ ಗುಡ್ಡೆಯ ಸುತ್ತ ಕುಂತ ಹೆಂಗಸರೆಲ್ಲ ನಗುತ್ತಿದ್ದರು. ಕೆಂಪಣ್ಣನೂ ನಗುತ್ತಿದ್ದ. ನಕ್ಕು ಗೇರು ಹಾಕಿ ಹೊರಡುತ್ತಿದ್ದ. ಟಿಪ್ಪರಿನ ಧೂಳು ಹೆಂಗಸರ ನಗುವಿನ ಮೇಲೆಯೇ ಬಂದು ಕೂರುತ್ತಿತ್ತು.

ಊರಿನ ಬಾಯಲ್ಲಿ ಆಗ ಬೆಂಗಳೂರೇ ಬೆಂಗಳೂರು. ಟೀ ಅಂಗಡಿಯ ಬೆಂಚಿನ ಮೇಲೆ ಗೌಡರ ಹುಡುಗರು ಕಾಲು ಮೇಲೆ ಕಾಲು ಹಾಕಿಕೊಂಡು, ‘ನಮ್ಮೂರ್ ಕಲ್ಲು ಓಗ್ನಿಲ್ಲ ಅಂದ್ರೆ ಬೆಂಗ್ಳೂರು ಎದ್ದು ನಿಲ್ತಾ ಇರ್ನಿಲ್ಲ ಕಣ್ಲಾ’ ಎನ್ನುತ್ತಿದ್ದರು. ಕುಳ್ಳಯ್ಯ ಅಂಗಡಿಯ ಆಚೆ, ಮೋರಿಯ ಪಕ್ಕ ಕುಕ್ಕುರು ಕುಂತು ತನ್ನ ಲೋಟದಲ್ಲಿ ಟೀ ಕುಡಿಯುತ್ತಿದ್ದ. ಕುಡಿದು, ತೊಳೆದು, ಸೂರಿನ ಸಂದಿಗೆ ಸಿಕ್ಕಿಸುತ್ತಿದ್ದ. ಕೇರಿಯವರ ಲೋಟಗಳ ಜಾಗ ಅದು. ನಮ್ಮೂರ ಕಲ್ಲು ಅನ್ನುವ ಮಾತಿನಲ್ಲಿ ತಾನೂ ಸೇರಿದ್ದೇನೆಯೋ ಇಲ್ಲವೋ ಎನ್ನುವುದು ಅವನಿಗೆ ಎಂದೂ ಬಗೆಹರಿದಿರಲಿಲ್ಲ.

ಮಾದಮ್ಮನಿಗೆ ಬಗೆಹರಿದಿತ್ತು. ಅವಳು ಬೆಂಗಳೂರನ್ನು ನೋಡಿದ್ದಳು. ನೋಡಿದ್ದಳು ಅನ್ನುವುದಕ್ಕಿಂತ ಹೊತ್ತಿದ್ದಳು. ಮದುವೆಯಾದ ಹೊಸದರಲ್ಲಿ ಗಂಡ ಹೆಂಡತಿ ಒಬ್ಬ ಮೇಸ್ತ್ರಿಯ ಹಿಂದೆ ಹೋಗಿ, ಕಟ್ಟುತ್ತಿದ್ದ ಮನೆಯೊಂದರ ಮುಂದೆ ತಗಡಿನ ಗುಡಿಸಲು ಹಾಕಿಕೊಂಡು ದುಡಿದಿದ್ದರು. ತಲೆ ಮೇಲೆ ಸಿಂಬಿ, ಸಿಂಬಿ ಮೇಲೆ ಕಾಂಕ್ರೀಟಿನ ಬಾಂಡಲಿ, ಕಾಲ ಕೆಳಗೆ ತೂಗಾಡುವ ಹಲಗೆ. ಅವಳ ಮೊದಲ ಬಸಿರು ಆ ಹಲಗೆಯ ಮೇಲೆಯೇ ಇಳಿದುಹೋಯಿತು. ಮಾರನೇ ದಿನವೂ ಮೇಸ್ತ್ರಿ ಹಾಜರಿ ಕೂಗಿದ. ಮನೆ ಒಕ್ಕಲಾದ ದಿನ ಅವರಿಗೆ ಗೇಟಿನ ಆಚೆ ಎಲೆ ಹಾಕಿದರು. ಉಂಡ ಎಲೆ ಒಣಗುವ ಮೊದಲೇ ಗುಡಿಸಲು ಕೀಳಿಸಿ, ಅವಳ ಒಲೆಯಿದ್ದ ಜಾಗಕ್ಕೆ ಕಾರು ತಂದು ನಿಲ್ಲಿಸಿದರು.

‘ಒಲೆ ಬೂದಿ ಇನ್ನೂ ಬೆಚ್ಚಗಿತ್ತು ಕಣ್ರಮ್ಮಿ,’ ಎಂದು ಅವಳು ಈಗಲೂ ಹೇಳುತ್ತಿದ್ದಳು. ‘ಬೆಂಗ್ಳೂರು ಬೆಳೀತಂತೆ! ನನ್ ಸಿಂಬಿ ಮ್ಯಾಲೆ ಬೆಳೀತು. ನನ್ ಮುಂಡೇದು ಕುತ್ತಿಗೆ ಇನ್ನೂ ನೆಟ್ಟಗಾಗಿಲ್ಲ.’

ಅಲ್ಲಿಂದ ತಿರುಗಿ ಬಂದವಳು ಮೊದಲು ಕಾಲು ಚಾಚಿ ಕುಂತದ್ದು ಕಣದರೆಯ ಮೇಲೆ.

ಕಣದರೆ ಅಂದರೆ ಕೇರಿಗೂ ರಸ್ತೆಗೂ ನಡುವೆ ಹಾಸಿಕೊಂಡು ಬಿದ್ದಿದ್ದ ಚಪ್ಪಟೆ ಬಂಡೆ. ಅರೆಕೊಪ್ಪಲಿಗೆ ಹೆಸರು ಬಂದದ್ದೇ ಆ ಅರೆಯಿಂದ. ಊರಿನ ಕಣಕ್ಕೆ ಕೇರಿಯವರು ಗೌಡರ ರಾಗಿ ಬಡಿಯಲು ಕಾಲಿಡಬಹುದಿತ್ತು. ತಮ್ಮ ರಾಗಿ ಹಾಸುವಂತಿರಲಿಲ್ಲ. ಯಾವ ಕಾಲದಲ್ಲೋ ಯಾವನೋ ಒಬ್ಬ ಮುತ್ತಾತ ಸಿಟ್ಟಿಗೆದ್ದು ತನ್ನ ತೆನೆಯ ಹೊರೆಯನ್ನು ಈ ಬಂಡೆಯ ಮೇಲೆ ತಂದು ಹಾಕಿದ. ಅಂದಿನಿಂದ ಅದು ಕಣ. ಸುಗ್ಗಿಗೆ ಮುಂಚೆ ಹೆಂಗಸರು ಸಗಣಿ ಬಗ್ಗಡ ಬಳಿದು ಬಂಡೆಯ ಬಿರುಕು ಮುಚ್ಚುತ್ತಿದ್ದರು. ಕೂಲಿಯಾಗಿ ಬಂದ ರಾಗಿ, ಅಂಗೈಯಗಲದ ಹೊಲಗಳ ರಾಗಿ, ಎಲ್ಲ ಅಲ್ಲೇ ಬಡಿದು, ಅಲ್ಲೇ ತೂರಿ, ಅಲ್ಲೇ ರಾಶಿ ಮಾಡುತ್ತಿದ್ದರು. ಮಾರಮ್ಮನ ಗುಡಿಯ ಅಂಗಳ ಅವರಿಗಿಲ್ಲ. ಆದ್ದರಿಂದ ಮದುವೆಯ ಚಪ್ಪರವೂ ಅಲ್ಲೇ. ಸತ್ತವರನ್ನು ಎತ್ತುವ ಮೊದಲು ಒಂದು ಗಳಿಗೆ ಮಲಗಿಸುತ್ತಿದ್ದದ್ದೂ ಅಲ್ಲೇ. ಗೌಡರ ಜಗಲಿ ಹತ್ತಬಾರದವರಿಗೆ ಲೋಕದಲ್ಲಿ ಇದ್ದ ಜಗಲಿ ಅದೊಂದೇ.

ಆ ವರ್ಷ ಕೋರೆಯ ತಳದಲ್ಲಿ ನೀರು ಎದ್ದಿತು. ಕಲ್ಲು ಕೈಗೆ ಸಿಗದಷ್ಟು ಕೆಳಗೆ ಹೋಯಿತು. ಬೆಂಗಳೂರಿನವರು ಕಲ್ಲು ಕಳಿಸು, ಕಲ್ಲು ಕಳಿಸು ಎಂದು ಫೋನು ಮಾಡುತ್ತಿದ್ದರು. ಚಲುವರಾಜು ಟಿಪ್ಪರಿನ ಮೇಲೆ ನಿಂತು ಸುತ್ತ ನೋಡಿದ. ಅವನ ಕಣ್ಣಿಗೆ ಕಣದರೆ ಬಿತ್ತು.

ಚಲುವರಾಜು ಕೇಡಿಗನಲ್ಲ ಎಂದು ಊರೆಲ್ಲ ಹೇಳುತ್ತಿತ್ತು. ಕೇರಿಯವರನ್ನೂ ಹೆಸರು ಹಿಡಿದು ಕರೆಯುತ್ತಿದ್ದ. ಬೀಡಿ ಕೊಡುತ್ತಿದ್ದ. ಕೈಗೆ ಕೊಡುತ್ತಿರಲಿಲ್ಲ, ಎಸೆಯುತ್ತಿದ್ದ.

‘ಅರೆ ಗೌರ್ಮೆಂಟ್‌ದು ಕಣ್ಲಾ ಕುಳ್ಳ. ಗೌರ್ಮೆಂಟು ನಂಗೆ ಕೊಟ್ಟದೆ. ಸುಗ್ಗಿಗೆ ಮುಂಚೇನೆ ಮದ್ದು ಇಡ್ತೀನಿ. ಕೇರಿಯೋರ್ಗೆ ಏಳ್ಬುಡು,’ ಎಂದ.

ಕೇರಿಯ ಹಿರಿಯ ಕರಿಯಯ್ಯ, ಕುಳ್ಳಯ್ಯ, ಇನ್ನೂ ನಾಕು ಜನ ಚಲುವರಾಜುವಿನ ಮನೆಗೆ ಹೋದರು. ಹೆಂಗಸರನ್ನು ಯಾರೂ ಕರೆದಿರಲಿಲ್ಲ. ಮಾದಮ್ಮ ತಾನೇ ಹೋದಳು. ಎಲ್ಲರೂ ಹಟ್ಟಿಯ ಆಚೆ, ತಿಪ್ಪೆಯ ಮಗ್ಗುಲಲ್ಲಿ ನಿಂತರು. ಚಲುವರಾಜು ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ಕಾಫಿ ಕುಡಿಯುತ್ತಿದ್ದ. ಹಿಂಡಿ ತಂದ ಹಾಲಿನ ಕ್ಯಾನು ಅವನ ಪಕ್ಕದಲ್ಲಿತ್ತು.

‘ಬುದ್ಧೀ, ಅದು ನಮ್ ಕಣ,’ ಎಂದ ಕರಿಯಯ್ಯ.

‘ಕಣ ಎಲ್ಲಾದ್ರೂ ಮಾಡ್ಕಬೋದು ಕಣೋ. ಕಲ್ಲು ಎಲ್ಲಾದ್ರೂ ಸಿಕ್ತದಾ?’

‘ಎಲ್ಲಿ ಮಾಡ್ಕಳಾನ ಬುದ್ಧೀ? ಊರ್ ಕಣಕ್ಕೆ ಬುಟ್ಕತೀರಾ?’

ಚಲುವರಾಜು ಕಾಫಿ ಲೋಟ ಕೆಳಗಿಟ್ಟ. ಒಳಗಿನಿಂದ ಅವನ ಅವ್ವ, ‘ಏನಂತಾವ್ರೆ ಅವ್ರು?’ ಎಂದು ಕೂಗಿದಳು.

‘ಏನಿಲ್ಲ ಬುಡವ್ವ,’ ಎಂದು ಹೇಳಿ ಇವರ ಕಡೆ ತಿರುಗಿದ. ‘ಟಾರ್ ರೋಡು ಬತ್ತದೆ ಕಣ್ರಲಾ. ಟಾರ್ ಇರೋ ಕಡೆ ನಮ್ಮೋರೇ ಎಷ್ಟೋ ಜನ ಉಳ್ಳಿ, ರಾಗಿ ಎಲ್ಲಾವ ರೋಡ್ಗೆ ಹಾಸ್ತಾವ್ರೆ. ಬಸ್ಸು ಲಾರಿ ತುಳ್ಕಂಡ್ ಓಯ್ತವೆ. ರೋಣಗಲ್ಲೂ ಬ್ಯಾಡ, ಎತ್ತೂ ಬ್ಯಾಡ. ಕಾಲ ಬದ್ಲಾಗದೆ, ನೀವೂ ವಸಿ ಬದ್ಲಾಗಿ.’

‘ರೋಡ್ ಮ್ಯಾಲೆ ಮದ್ವೆ ಮಾಡಾಕಾಯ್ತದಾ ಬುದ್ಧೀ?’ ಎಂದಳು ಮಾದಮ್ಮ. ‘ಹೆಣ್ಣು ಗಂಡಿನ ಮ್ಯಾಲೂ ಬಸ್ಸು ತುಳ್ಕಂಡೋದ್ರೆ?’

ನಿಂತವರಲ್ಲಿ ಒಬ್ಬ ಕಿಸಕ್ಕೆಂದ. ಚಲುವರಾಜುವಿನ ಮುಖ ಬಿಗಿಯಿತು.

‘ನಿನ್ ಎಂಡ್ರು ಬಾಯ ಕಟ್ಲಾ ಕುಳ್ಳ. ಕೇಳಿ ಇಲ್ಲಿ, ಒಂದೂರು ಬೆಳೀಬೇಕು ಅಂದ್ರೆ ಯಾರಾದ್ರೂ ವಸಿ ಜಾಗ ಬುಡ್ಬೇಕು. ಬೆಂಗ್ಳೂರ್ ಬೆಳುದ್ರೆ ನಮ್ಗೂ ಅಲ್ವಾ ಒಳ್ಳೇದು?’

‘ಯಾರಾದ್ರೂ ಅಂದ್ರೆ ಯಾವತ್ತೂ ನಾವೇಯಾ ಬುದ್ಧೀ?’ ಎಂದಳು ಮಾದಮ್ಮ.

ಚಲುವರಾಜು ಹಾಲಿನ ಕ್ಯಾನು ಎತ್ತಿಕೊಂಡು ಎದ್ದ. ಹೋಗುವಾಗ ಹೇಳಿದ: ‘ಕೋರೇಲಿ ಕೆಲ್ಸ ಬೇಕು ಅನ್ನೋರು ನಾಳಿಂದ ಬಾಯ್ ಮುಚ್ಕಂಡ್ ಬನ್ನಿ. ಬ್ಯಾಡ ಅನ್ನೋರು ಅರೆ ಕಾಯ್ಕಂಡಿರಿ. ಅರೆ ನೆಕ್ಕುದ್ರೆ ಒಟ್ಟೆ ತುಂಬ್ತದೇನೋ ನೋಡಾನ.’

ಅವರು ನಿಂತಿದ್ದ ಜಾಗಕ್ಕೆ ಅವನ ಅವ್ವ ನೀರು ಚಿಮುಕಿಸಿದಳು.

ಎರಡು ದಿನಕ್ಕೆ ಕಂಪ್ರೆಸರ್ ಟ್ರಾಕ್ಟರು ಬಂತು. ದಿನವಿಡೀ ಗುಂಯ್ಗುಟ್ಟಿ ಬಂಡೆಯ ಉದ್ದಕ್ಕೂ ಮದ್ದು ತುಂಬುವ ಕುಳಿ ಹೊಡೆಯಿತು. ಬಿಳಿ ಪುಡಿ ಎದ್ದು ಕೇರಿಯ ಸೂರು, ಕೋಳಿ, ಒಣಗಿ ಹಾಕಿದ ಬಟ್ಟೆ ಎಲ್ಲದರ ಮೇಲೂ ಕೂತಿತು. ಬಂಡೆಯ ಪಕ್ಕದಲ್ಲೇ ಕೇರಿಯ ರಾಗಿ ಮೆದೆ ಒಟ್ಟಿ ನಿಂತಿತ್ತು. ಅದೂ ಬೆಳ್ಳಗಾಯಿತು.

ಅಂದು ಬೈಗಿನಲ್ಲಿ ಕುಳ್ಳಯ್ಯ ಒಲೆಯ ಮುಂದೆ ಕುಂತು ತಮಟೆ ಕಾಯಿಸುತ್ತಿದ್ದ. ಚರ್ಮ ಬಿಗಿಯಾಗಬೇಕು. ಬೆಳಗ್ಗೆ ಬಡಿಯಬೇಕು.

‘ನೀನೇ ಬಡೀತೀಯಾ?’ ಎಂದಳು ಮಾದಮ್ಮ.

‘ಇನ್ಯಾರು ಬಡೀತಾರೆ?’

‘ನಿಮ್ಮಪ್ಪನ ಹೆಣ ಮಲಗ್ಸಿದ್ ಜಾಗಕ್ಕೆ ಮದ್ದಿಡಾಕೆ ನೀನೇ ತಮಟೆ ಬಡೀತೀಯಾ?’

‘ಬಡೀದೆ ಇದ್ರೆ ಏನ್ ಉಣ್ತೀಯೆ? ಏಳಮ್ಮಿ, ಏನ್ ಉಣ್ತೀಯ?’ ಅವನ ದನಿ ಏರಿತು. ಅವನು ದನಿ ಏರಿಸುತ್ತಿದ್ದದ್ದು ಹೆಂಡತಿಯ ಮುಂದೆ ಮಾತ್ರ. ‘ಬಡುದ್ರೂ ಒಡೀತಾರೆ, ಬಡೀದೆ ಇದ್ರೂ ಒಡೀತಾರೆ. ಜನ ಆದ್ರೂ ಉಳ್ಕಳ್ಳಿ ಅಂತ ಬಡೀತೀನಿ.’

ಮಾದಮ್ಮ ಒಲೆಯ ಕೊಳ್ಳಿಯನ್ನು ಒಳಕ್ಕೆ ತಳ್ಳಿದಳು. ಆಮೇಲೆ ಕೇಳಿದಳು.

‘ನಾವ್ಯಾರೂ ಏಳ್ದಲೆ ಇದ್ರೆ?’

‘ಏನು?’

‘ತಮಟೆ ಬಡುದ್ರೂ ನಾವು ಅರೆಯಿಂದ ಏಳ್ದಲೆ ಇದ್ರೆ?’

ಕುಳ್ಳಯ್ಯ ತಮಟೆಯನ್ನು ಬೆಂಕಿಯಿಂದ ಹಿಂದಕ್ಕೆ ಎಳೆದ. ಮಾದಮ್ಮ ಎದ್ದು ಆಚೆ ಹೋದಳು. ಮನೆ ಮನೆಯ ಮುಂದೆ ನಿಂತು ಹೆಂಗಸರನ್ನು ಕರೆದಳು. ಅವಳು ಹೇಳಿದ್ದು ಇಷ್ಟೇ: ‘ನಾಳೆ ಕಣ ಸಾರಿಸ್ಬೇಕು. ಸಗಣಿ ಕಲಸ್ಕಂಡ್ ಬನ್ನಿ.’

ಬೆಳಗ್ಗೆ ಮದ್ದಿನ ಸೋಮಯ್ಯ ಬಂದಾಗ ಅರೆಯ ಮೇಲೆ ಹೆಂಗಸರಿದ್ದರು. ಸೋಮಯ್ಯ ಬೂಕನಕೆರೆ ಕಡೆಯವನು. ಕೋರೆಗಳಲ್ಲಿ ಮದ್ದು ತುಂಬಿ ಬತ್ತಿ ಹಚ್ಚುವುದು ಅವನ ಕಸುಬು. ಎಡಗೈಯಲ್ಲಿ ಎರಡೇ ಬೆರಳು ಉಳಿದಿದ್ದವು. ಅವನು ಮದ್ದಿನ ಚೀಲ ನೆರಳಿಗಿಟ್ಟು ಬಂದು ನೋಡಿದ. ಹೆಂಗಸರು ಮಂಡಿಯೂರಿ ಬಗ್ಗಡ ಬಳಿಯುತ್ತಿದ್ದರು. ಕಂಪ್ರೆಸರ್ ಹೊಡೆದ ಕುಳಿಗಳಿಗೆ ಸಗಣಿಯ ಉಂಡೆ ತುರುಕಿ ಅಂಗೈಯಲ್ಲಿ ನುಣ್ಣಗೆ ಸವರುತ್ತಿದ್ದರು. ವರ್ಷ ವರ್ಷ ಬಿರುಕು ಮುಚ್ಚುತ್ತಿದ್ದ ಹಾಗೆಯೇ.

ಚಲುವರಾಜು ಮೋಟಾರ್ ಸೈಕಲ್ಲಿನಲ್ಲಿ ಬಂದ. ಹಿಂದೆ ಟಿಪ್ಪರಿನಲ್ಲಿ ಕೆಂಪಣ್ಣನೂ ನಾಲ್ಕು ಆಳುಗಳೂ ಬಂದರು.

‘ಏನ್ಲಾ ಇದು ಸೋಮಯ್ಯ?’

‘ಬಗ್ಗಡ ತೆಗುದು ವಣಗುಸ್ಕಂಡು ಮದ್ದು ತುಂಬ್ಬೋದು ಗೌಡ್ರೇ, ಅದೇನ್ ದೊಡ್ಡದಲ್ಲ. ಮೊದ್ಲು ಜನ ಎಬ್ಬುಸಿ.’

‘ತಮಟೆ ಬಡುದ್ರೆ ಬಡ್ಕಂಡ್ ಏಳ್ತಾರೆ. ಲೇ ಕುಳ್ಳ, ಬಡಿ!’

ಕುಳ್ಳಯ್ಯ ತಮಟೆ ಕೊರಳಿಗೆ ಹಾಕಿಕೊಂಡು ಅರೆಯ ಅಂಚಿನಲ್ಲಿ ನಿಂತಿದ್ದ. ಬಡಿ ಅಂದ ಕೂಡಲೇ ಅವನ ಕೈ ತಾನೇ ಎದ್ದಿತು. ಎಷ್ಟೋ ವರ್ಷದ ರೂಢಿ. ಮೊದಲ ಸಲ ಬಡಿದ. ಹುಣಸೇಮರದ ಕೆಳಗೆ ಬಸ್ಸು ಬಂದು ನಿಂತಿತು. ಹೊಲದವರು ಬದುವಿಗೆ ಸೇರಿದರು. ಅರೆಯ ಮೇಲೆ ಯಾರೂ ಏಳಲಿಲ್ಲ. ಕರಿಯಯ್ಯ ಗಂಡಸರನ್ನೆಲ್ಲ ಕರೆದುಕೊಂಡು ಬಂದು ಹೆಂಗಸರ ಪಕ್ಕ ಕುಂತ.

‘ಇನ್ನೊಂದ್ ಸಲ ಬಡಿ!’

ಕುಳ್ಳಯ್ಯ ಕೋಲು ಎತ್ತಿದ. ಮಾದಮ್ಮ ಅವನ ಕಾಲಿನ ಹತ್ತಿರವೇ ಮಂಡಿಯೂರಿದ್ದಳು. ತಲೆ ಎತ್ತಲಿಲ್ಲ. ಅವನ ಪಾದದ ಸುತ್ತ ಬಗ್ಗಡ ಬಳಿದಳು. ಸೈಕಲ್ ಟ್ಯೂಬು ಬಿಗಿದು ಬಿಗಿದು ಅವಳ ಬೆರಳುಗಳಲ್ಲಿ ಬಿಳಿಚಿಕೊಂಡ ಪಟ್ಟೆಗಳಿದ್ದವು. ‘ಕಾಲ್ ತೆಗಿ, ಸಾರಿಸ್ಬೇಕು,’ ಎಂದಳು. ಮನೆಯಲ್ಲಿ ಹೇಳುವ ಹಾಗೆ.

ಕುಳ್ಳಯ್ಯನ ಕೋಲು ಕೆಳಗಿಳಿಯಿತು.

‘ಆಗಾಕಿಲ್ಲ ಬುದ್ಧೀ.’

‘ಏನಂದೆ?’

‘ಬಡಿಯಾಕಿಲ್ಲ.’

ಚಲುವರಾಜು ಕೆನ್ನೆಗೆ ಹೊಡೆದ. ಕುಳ್ಳಯ್ಯನ ತಲೆ ಒಂದು ಕಡೆ ವಾಲಿತು. ತುಟಿಯಲ್ಲಿ ರಕ್ತ ಬಂತು. ಅವನು ಕೊರಳಿಂದ ತಮಟೆ ತೆಗೆದು ಅರೆಯ ಮೇಲಿಟ್ಟ. ಕೋಲುಗಳನ್ನು ಅದರ ಮೇಲಿಟ್ಟ. ಕೈ ಎರಡೂ ಖಾಲಿಯಾದವು. ಖಾಲಿ ಕೈ ಏನು ಮಾಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡ. ಚಲುವರಾಜುವಿನ ಮುಂದೆ ಅವನು ಬೆನ್ನ ಹಿಂದೆ ಕೈ ಕಟ್ಟಿ ನಿಂತದ್ದು ಅದೇ ಮೊದಲು.

‘ಇನ್ನೊಂದು ಒಡೀರಿ ಬುದ್ಧೀ. ನನ್ನ ಒಡೀಬೋದು. ಅದ್ನ ನಾನು ಬಡಿಯಾಕಿಲ್ಲ.’

ಚಲುವರಾಜು ಸೋಮಯ್ಯನ ಕಡೆ ತಿರುಗಿದ. ‘ತಮಟೆ ಇಲ್ದಿದ್ರೆ ಕತ್ತೆ ಬಾಲ. ನೀನು ತುಂಬು. ಪೊರಕೇಲಿ ಗುಡಿಸ್ದಂಗೆ ಎಬ್ಬುಸ್ತೀನಿ ಇವ್ರ.’

‘ತಮಟೆ ಇಲ್ದೆ ನಾನು ಬತ್ತಿ ಅಚ್ಚಾಕಿಲ್ಲ ಗೌಡ್ರೇ,’ ಎಂದ ಸೋಮಯ್ಯ. ‘ಒಂದ್ಸಲ ಅಂಗ್ ಅಚ್ಚಿ ಕುರಿ ಕಾಯೋನ್ ಒಬ್ಬನ್ನ ಸಾಯ್ಸಿದ್ದೀನಿ. ಸುತ್ತಲ ಹೊಲದಲ್ಲಿ ಜನ ಅವ್ರೆ, ರೋಡ್ ಬದೀಲಿ ಬಸ್ಸದೆ. ಅವ್ರಿಗೆ ತಮಟೆ ಭಾಷೆ ಬುಟ್ರೆ ಬ್ಯಾರೆ ಗೊತ್ತಿಲ್ಲ.’

‘ನೀನೇ ಬಡಿ ಅಂಗಾರೆ.’

ಸೋಮಯ್ಯ ಹಿಂದೆ ಸರಿದ. ‘ನಾನಾ? ತಮಟೆಯಾ? ನಮ್ಮನೇಲಿ ದೇವರದೆ ಗೌಡ್ರೇ. ಮುಟ್ಟಾಕಿಲ್ಲ.’

ಚಲುವರಾಜು ಆಳುಗಳ ಕಡೆ ನೋಡಿದ. ಒಬ್ಬ ಆಕಾಶ ನೋಡಿದ. ಒಬ್ಬ ಚಪ್ಪಲಿ ನೋಡಿದ. ಕೆಂಪಣ್ಣನಿಗೆ ಒಂದು ಉಪಾಯ ಹೊಳೆಯಿತು. ಅವನು ಮೊದಲು ಬಸ್ಸಿನಲ್ಲಿ ಕ್ಲೀನರಾಗಿದ್ದವನು. ಟಿಪ್ಪರಿನ ಡಬ್ಬಿಯಿಂದ ಹಳೆಯ ಸೀಟಿ ಹುಡುಕಿ ತಂದ.

‘ತಮಟೆ ಯಾಕೆ ಗೌಡ್ರೇ? ಇದ್ ಊದಾನ!’

ಕೆನ್ನೆ ಉಬ್ಬಿಸಿ ಎರಡು ಸಲ ಊದಿದ.

ಹುಣಸೇಮರದ ಕೆಳಗಿದ್ದ ಬಸ್ಸು ಎರಡು ಸೀಟಿ ಕೇಳಿತು. ಎರಡು ಸೀಟಿ ಅಂದರೆ ಯಾವ ಡ್ರೈವರಿಗಾದರೂ ರೈಟ್. ಬಸ್ಸು ಹೊರಟಿತು. ಸೀದಾ ಅರೆಯ ಪಕ್ಕಕ್ಕೆ ಬಂದಿತು.

‘ಅಯ್ಯಯ್ಯೋ, ಮದ್ದಿನ ಚೀಲ ಅಲ್ಲೇ ಅದೆ ಕಣ್ಲಾ! ನಿಲ್ಸೋ!’ ಎಂದು ಸೋಮಯ್ಯ ಬಸ್ಸಿಗೆ ಅಡ್ಡ ಓಡಿದ. ಬಸ್ಸು ಕಿರ್ರೆಂದು ನಿಂತಿತು. ಕಿಟಕಿಗಳಲ್ಲೆಲ್ಲ ತಲೆಗಳು ಬಂದವು. ಸಂತೆಗೆ ಹೋಗುವವರು, ಕಾಲೇಜು ಹುಡುಗಿಯರು, ಕೋಳಿ ಹಿಡಿದ ಒಬ್ಬ ಮುದುಕ. ಕಂಡಕ್ಟರ್ ಇಳಿದು, ‘ಯಾವನ್ಲಾ ಅವ್ನು ರೈಟ್ ಕೊಟ್ಟೋನು? ನನ್ ಬಸ್‌ಗೆ ರೈಟ್ ಕೊಡಾಕೆ ನೀನ್ಯಾವನೋ?’ ಎಂದು ಕೆಂಪಣ್ಣನ ಮೇಲೆ ಹಾರಿದ. ಕೆಂಪಣ್ಣ ಸೀಟಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ಅರೆಯ ಮೇಲೆ ಕುಂತಿದ್ದ ಹೆಂಗಸರು ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕರು.

ಮಾದಮ್ಮ ನಗಲಿಲ್ಲ. ಎದ್ದು ನಿಂತಳು. ಮೊಣಕೈವರೆಗೂ ಸಗಣಿ. ತಮಟೆಯನ್ನು ಎತ್ತಿಕೊಂಡು ಬಂದು ಚಲುವರಾಜುವಿನ ಕಾಲ ಮುಂದೆ ಇಟ್ಟಳು.

‘ತಕಳಿ ಬುದ್ಧೀ. ನೀವೇ ಬಡೀರಿ.’

ಬಸ್ಸಿನಲ್ಲಿ ಗದ್ದಲ ನಿಂತಿತು.

‘ಮೂರು ಸಲ ಬಡೀರಿ. ನಿಮ್ ಕೈಯಾರೆ. ಮೂರ್ನೇ ಸಲ ಮುಗಿಯೋದ್ರೊಳ್ಗೆ ನಾವೆಲ್ಲಾ ಎದ್ದೋಯ್ತೀವಿ. ಮಕ್ಳು ಮರಿ ಸಮೇತ. ಈ ಅರೆ ತಾಯಾಣೆ. ಆಮೇಲೆ ಬೆಂಗ್ಳೂರಾದ್ರೂ ಕಟ್ಕಳಿ, ದಿಲ್ಲಿಯಾದ್ರೂ ಕಟ್ಕಳಿ.’

ಕರಿಯಯ್ಯ ಗಾಬರಿಯಾಗಿ ಅವಳ ಸೆರಗು ಎಳೆದ. ‘ಏನಮ್ಮಿ, ಬಡುದ್ಬುಟ್ಟಾನು!’

‘ಬಡೀಲಿ ಬುಡು ಮಾವ.’

ಚಲುವರಾಜು ತಮಟೆಯನ್ನು ನೋಡಿದ. ಒಂದು ಮರದ ಬಳೆ, ಒಂದು ಚರ್ಮ, ಎರಡು ಕೋಲು. ಟಿಪ್ಪರು ಕಾಯುತ್ತಿತ್ತು. ಬೆಂಗಳೂರು ಕಾಯುತ್ತಿತ್ತು. ಬಗ್ಗಬೇಕು, ಎತ್ತಬೇಕು, ಬಡಿಯಬೇಕು, ಅಷ್ಟೇ. ಅವನು ಬಗ್ಗಿದ. ಬೆರಳು ಕೋಲಿನ ಹತ್ತಿರ ಹೋಯಿತು.

‘ಮುಟ್ಬ್ಯಾಡ ಕಣ್ಲಾ!’

ಊರ ಕಡೆಯಿಂದ ಅವನ ಅವ್ವ ಓಡಿ ಬರುತ್ತಿದ್ದಳು. ಯಾರೋ ಸುದ್ದಿ ಮುಟ್ಟಿಸಿದ್ದರು. ಹಿಂದೆ ಊರಿನ ಜನ. ‘ಮುಟ್ಬ್ಯಾಡ! ಕುಲ ಕೆಡುಸ್ಬ್ಯಾಡ! ಅದ್ ಮುಟ್ಟಿ ನನ್ ಒಸ್ತಿಲು ಮೆಟ್ಟಿದ್ರೆ ಬಾವಿಗ್ ಬೀಳ್ತೀನಿ. ಕೋರೆ ಆಳಾಗೋಗ್ಲಿ, ಬೆಂಗ್ಳೂರು ಮಣ್ಣಾಗೋಗ್ಲಿ, ತಮಟೆ ಮುಟ್ಬ್ಯಾಡ ಕಣ್ಲಾ ಮಗ!’

ಚಲುವರಾಜುವಿನ ಕೈ ಅಲ್ಲೇ ನಿಂತಿತು. ಬಗ್ಗಿದ ಬೆನ್ನೂ ಅಲ್ಲೇ ನಿಂತಿತು. ಬಸ್ಸಿನ ಕಿಟಕಿಯಲ್ಲಿ ಕೋಳಿ ಹಿಡಿದಿದ್ದ ಮುದುಕ, ‘ಅದೇನ್ ಆವಾ ಗೌಡ್ರೇ, ಕಚ್ಚಾಕಿಲ್ಲ ಎತ್ತಿ,’ ಎಂದ. ಕಾಲೇಜು ಹುಡುಗಿಯರು ಗೊಳ್ಳೆಂದರು.

‘ನಮ್ಮೋರ್ ಕೊರಳ್ಗೆ ಇದ್ನ ಯಾರ್ ಕಟ್ಟುದ್ರು?’ ಮಾದಮ್ಮನ ದನಿ ಕಲ್ಲಿಗೆ ಸುತ್ತಿಗೆ ಬಿದ್ದಂತಿತ್ತು. ‘ಹೆಣಕ್ಕೆ ಬಡೀರಿ ಅಂದ್ರಿ, ಬಡುದೊ. ನಿಮ್ ದೇವ್ರಿಗೆ ಬಡೀರಿ ಅಂದ್ರಿ, ಗುಡಿ ಆಚೆ ನಿಂತ್ಕಂಡು ಬಡುದೊ. ನಿಮ್ ಮದ್ದಿಗೆ ಬಡೀರಿ ಅಂದ್ರಿ, ಕಲ್ಲು ನಮ್ ತಲೆ ಮ್ಯಾಲೆ ಬಿದ್ರೂ ಬಡುದೊ. ಇವತ್ತು ನಿಮ್ಗೇ ಬೇಕಾಗದೆ. ಬಡ್ಕಳಿ. ಯಾಕೆ, ಕೈ ಎತ್ತಾಕಿಲ್ವಾ? ಕುಳ್ಳಯ್ಯನ್ ಕೆನ್ನೆಗೆ ಎತ್ತಿದ್ ಕೈ ತಾನ್ಯಾ ಅದು? ಕೆನ್ನೆ ಮುಟ್ಟುದ್ರೆ ಮೈಲಿಗೆ ಆಗ್ನಿಲ್ಲ. ಚರ್ಮ ಮುಟ್ಟುದ್ರೆ ಆಯ್ತದಾ ಚಲುವರಾಜು?’

ಚಲುವರಾಜು. ಬುದ್ಧೀ ಅಲ್ಲ, ಗೌಡ್ರೇ ಅಲ್ಲ. ಕೇರಿಯ ಬಾಯಿಂದ ಆ ಹೆಸರು ಅಷ್ಟು ಬರಿದಾಗಿ ಆಚೆ ಬಂದದ್ದನ್ನು ಯಾರೂ ಕೇಳಿರಲಿಲ್ಲ. ಕರಿಯಯ್ಯ ಕಣ್ಣು ಮುಚ್ಚಿಕೊಂಡ. ಈಗ ಮದ್ದಿನ ಸಿಡಿತ ಬರುತ್ತದೆ ಅನ್ನುವವನ ಹಾಗೆ.

ಬರಲಿಲ್ಲ. ಚಲುವರಾಜು ನೆಟ್ಟಗಾದ. ತಮಟೆಯನ್ನು ಒದೆಯಲು ಕಾಲೆತ್ತಿದ. ಒದೆಯಲು ಚಪ್ಪಲಿಯಾದರೂ ಅದನ್ನು ಮುಟ್ಟಬೇಕಲ್ಲ ಎಂದು ಆ ಕಾಲನ್ನೂ ಇಳಿಸಿದ.

‘ಪೊಲೀಸ್ ಕರ್ಕ ಬತ್ತೀನಿ. ನಿಮ್ಮೆಲ್ಲಾರ್ನೂ ಎತ್ತಾಕುಸ್ತೀನಿ.’

‘ಕರ್ಕಬಾ. ಅವ್ರಿಗೂ ತಮಟೆ ಕೊಡ್ತೀವಿ,’ ಎಂದಳು ಮಾದಮ್ಮ.

‘ಕೋರೇಲಿ ನಿಮ್ಗಿನ್ನು ಕೆಲ್ಸ ಇಲ್ಲ. ಯಾರ ಹೊಲದಲ್ಲೂ ಇಲ್ಲ.’

ಮಾದಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಸೈಕಲ್ ಟ್ಯೂಬಿನ ತುಂಡು ಕಿತ್ತು ಅವನ ಮುಂದೆ ಎಸೆದಳು. ಅವನು ಬೀಡಿ ಎಸೆಯುತ್ತಿದ್ದ ಹಾಗೆಯೇ.

ಮೋಟಾರ್ ಸೈಕಲ್ಲು ಹೋಯಿತು. ಟಿಪ್ಪರು ಖಾಲಿಯಾಗಿಯೇ ಹಿಂದೆ ಹೋಯಿತು. ಸೋಮಯ್ಯ ಮದ್ದಿನ ಚೀಲ ಹೆಗಲಿಗೆ ಹಾಕಿಕೊಂಡು ಬಂದು, ಮಾದಮ್ಮನ ಮುಂದೆ ಒಂದು ಗಳಿಗೆ ನಿಂತ. ಬಸ್ಸು ಹತ್ತಿ ಹೋದ. ಈ ಸಲ ರೈಟ್ ಕೊಟ್ಟವನು ಕಂಡಕ್ಟರೇ.

ಮಾರನೇ ದಿನ ಕೇರಿಯ ಯಾರನ್ನೂ ಯಾರೂ ಕೆಲಸಕ್ಕೆ ಕರೆಯಲಿಲ್ಲ. ಟೀ ಅಂಗಡಿಯ ಸೂರಿನಲ್ಲಿ ಸಿಕ್ಕಿಸಿದ್ದ ಲೋಟಗಳೆಲ್ಲ ಒಡೆದು ಮೋರಿಯಲ್ಲಿ ಬಿದ್ದಿದ್ದವು. ಕುಳ್ಳಯ್ಯ ನೋಡಿಕೊಂಡು ಬಂದು ಹೇಳಿದ.

‘ಒಳ್ಳೇದಾಯ್ತು ಬುಡು, ತೊಳ್ಯೋದು ತಪ್ತು,’ ಎಂದಳು ಮಾದಮ್ಮ.

‘ಪೊಲೀಸು ಬಂದ್ರೆ?’

‘ಬತ್ತಾರೆ. ಬಂದಾಗ ಕುಂತಿರಾನ. ಈಗ ಮೆದೆ ಕೀಳು.’

ಮೆದೆ ಕಿತ್ತರು. ಒಣಗಿದ ಬಗ್ಗಡದ ಮೇಲೆ ತೆನೆ ಹರಡಿದರು. ಇದ್ದ ಒಂದೇ ಜೊತೆ ಎತ್ತಿಗೆ ರೋಣಗಲ್ಲು ಕಟ್ಟಿದರು. ಎತ್ತು ಸಾಲದ ಕಡೆ ಗಂಡಸರೇ ಹಗ್ಗ ಹಿಡಿದು ಎಳೆದರು. ಕುಳಿ ಹೊಡೆದ ಜಾಗದ ಮೇಲೆಲ್ಲ ರೋಣಗಲ್ಲು ಉರುಳಿತು. ಸಂಜೆಗಾಳಿಗೆ ಹೆಂಗಸರು ಮೊರ ಎತ್ತಿ ತೂರಿದರು. ಹೊಟ್ಟು ರಸ್ತೆಯ ಕಡೆ ಹಾರಿತು. ರಾಗಿ ಅರೆಯ ಮೇಲೆ ಬಿತ್ತು. ದೊಡ್ಡ ರಾಶಿಯೇನಲ್ಲ. ಆದರೂ ರಾಶಿ.

ರಾಶಿಗೆ ಒಂದು ಸುತ್ತು ತಮಟೆ ಬಡಿಯುವುದು ವಾಡಿಕೆ. ಎಲ್ಲರೂ ಕುಳ್ಳಯ್ಯನ ಕಡೆ ನೋಡಿದರು. ಅವನು ತಮಟೆ ತಂದ. ಕೊರಳಿಗೆ ಹಾಕಿಕೊಳ್ಳಲಿಲ್ಲ. ಹೆಂಡತಿಗೆ ಚಾಚಿದ.

‘ಹೆಂಗಸು ಮುಟ್ಬಾರ್ದು ಕಣ್ಲಾ,’ ಎಂದು ಗೊಣಗಿದ ಕರಿಯಯ್ಯ.

‘ನೀನೂ ಸುರು ಮಾಡ್ಕಂಡ್ಯಾ ಮಾವ?’ ಎಂದಳು ಮಾದಮ್ಮ.

ಕರಿಯಯ್ಯ ತಲೆ ಕೆರೆದುಕೊಂಡ. ಆಮೇಲೆ ತಾನೇ ಎದ್ದು ಬಂದು, ಕೊರಳ ಹಗ್ಗವನ್ನು ಅವಳ ಅಳತೆಗೆ ಕಟ್ಟಿಕೊಟ್ಟ.

ಮಾದಮ್ಮನಿಗೆ ರಾಶಿಯ ಬಡಿತ ಗೊತ್ತಿರಲಿಲ್ಲ. ಅವಳಿಗೆ ಬರುತ್ತಿದ್ದದ್ದು ಒಂದೇ ಬಡಿತ. ಜಲ್ಲಿ ಗುಡ್ಡೆಯ ಮೇಲೆ ಕುಂತು ದಿನಾ ಕೇಳಿದ, ಬೆನ್ನುಹುರಿಗೆ ಇಳಿದ ಮದ್ದಿನ ಬಡಿತ. ಅದನ್ನೇ ಬಡಿದಳು. ಮೊದಲ ಸಲ ಬಡಿದಳು. ಎರಡನೇ ಸಲ ಬಡಿದಳು. ಸುತ್ತಿಗೆ ಹಿಡಿದ ಕೈ. ಏಟು ಒಂದೂ ತಪ್ಪಲಿಲ್ಲ.

ಊರೊಳಗೆ ಕಿವಿಗಳು ನೆಟ್ಟಗಾದವು. ಪೊಲೀಸು ಬಂದರೆಂದು ಒಬ್ಬ ಅಂದ. ಅರೆಗೆ ಮದ್ದಿಟ್ಟರೆಂದು ಇನ್ನೊಬ್ಬ ಅಂದ. ಟೀ ಅಂಗಡಿಯ ಬೆಂಚು ಖಾಲಿಯಾಯಿತು. ಹಸುಗಳನ್ನು ಕೊಟ್ಟಿಗೆಗೆ ಎಳೆದರು. ಬೀದಿಯ ಮಕ್ಕಳನ್ನು ರಟ್ಟೆ ಹಿಡಿದು ಒಳಗೆ ಹಾಕಿಕೊಂಡರು.

ಮೂರನೇ ಸಲ ಬಡಿದಳು.

ಒಂದೊಂದೇ ಬಾಗಿಲು ಮುಚ್ಚಿಕೊಂಡಿತು. ಚಲುವರಾಜುವಿನ ಮನೆಯ ಬಾಗಿಲೂ ಮುಚ್ಚಿಕೊಂಡಿತು. ಮದ್ದಿಡಲು ತಾನು ಯಾರಿಗೂ ಹೇಳಿಲ್ಲ ಎಂದು ಅವನಿಗೆ ಗೊತ್ತಿತ್ತು. ಆದರೂ ಅವನ ಅವ್ವ ಅವನನ್ನು ತೊಲೆಯ ಕೆಳಗೆ ಎಳೆದು ನಿಲ್ಲಿಸಿದಳು. ಅವನು ನಿಂತ. ಹೆಂಚು ನೋಡುತ್ತಾ, ಕಿವಿ ಮುಚ್ಚಿಕೊಂಡು, ಊರಿನ ಜೊತೆ ಅವನೂ ಕಾದ.

ಅರೆಯ ಮೇಲೆ ಕೇರಿಯವರು ರಾಶಿಯ ಸುತ್ತ ಕುಣಿಯುತ್ತಿದ್ದರು. ಮಾದಮ್ಮ ಬಡಿಯುತ್ತಲೇ ಇದ್ದಳು.